ಕಂಬದ ತಾತನ ಮನೆ ಎಲ್ಲಿ?

ಶನಿವಾರ ಮಧ್ಯಾಹ್ನ ಎರಡೂಕಾಲಿಗೆ ಜರ್ಮನಿಯ ಲೈಪ್‌ಜಿಗ್‌ನ ಥಾಮಸ್ ಚರ್ಚಿನ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಅಲ್ಲಿ ನಿಂತಿರುವ ಹತ್ತು ಹನ್ನೆರಡು ಜನಕ್ಕೆ ನಾನು ತಲೆ ಆಡಿಸುತ್ತೇನೆ, ಅವರೂ ಆಡಿಸುತ್ತಾರೆ. ಆರು ವರ್ಷದಿಂದ ಹೀಗೇ ನಡೆದಿದೆ. ಯಾರಿಗೆ ಎಡ ಮಂಡಿ ನೋವು, ಯಾರು ಒಂಬತ್ತನೇ ನಂಬರಿನ ಟ್ರಾಮ್ ಹಿಡಿದು ಬರುತ್ತಾರೆ, ಯಾರ ಮಗಳು ಫೋನ್ ಮಾಡುವುದು ಭಾನುವಾರ ಮಾತ್ರ, ಇದೆಲ್ಲ ನನಗೆ ಗೊತ್ತು. ಹೆಸರು ಮಾತ್ರ ಒಬ್ಬರದ್ದೂ ಗೊತ್ತಿರಲಿಲ್ಲ, ಮೊನ್ನೆ ಮೊನ್ನೆಯವರೆಗೆ. ಕೊಪ್ಪದ ಕಡೆಯವನಾದ ನನಗೆ ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಹೇಳಿ.

ನಮ್ಮನ್ನೆಲ್ಲ ಅಲ್ಲಿ ಸೇರಿಸುವುದು ಥೊಮಾನರ್ ಅನ್ನುವ ಹುಡುಗರ ಕ್ವಾಯರ್, ಅಂದರೆ ಚರ್ಚಿನ ಗಾಯನ ತಂಡ. ಒಂಬತ್ತು ಹತ್ತು ವರ್ಷದ ಪುಟಾಣಿಗಳಿಂದ ಹಿಡಿದು ಹದಿನೆಂಟರ ಹುಡುಗರವರೆಗೆ ನೂರರ ಆಸುಪಾಸು ಜನ. ಒಟ್ಟಿಗೇ ಹಾಸ್ಟೆಲ್ಲಿನಲ್ಲಿದ್ದು, ಶಾಲೆಗೆ ಹೋಗಿ, ಹಾಡುತ್ತಾರೆ. 1212ರಲ್ಲಿ ಶುರುವಾದದ್ದಂತೆ. ನಮ್ಮಲ್ಲಿ ಆಗ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದ. ದೊಡ್ಡ ಸಂಗೀತ ರಚನಕಾರ ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೆ ಇದೇ ಕ್ವಾಯರಿನ ಮೇಷ್ಟ್ರು. ಈಗ ಅವರ ಸಮಾಧಿಯೂ ಅದೇ ಚರ್ಚಿನೊಳಗೆ ಇದೆ. ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮೂರಕ್ಕೆ ಹಾಡುಗಾರಿಕೆ. ಅದಕ್ಕೆ ಮೊಟೆಟ್ಟೆ ಅನ್ನುತ್ತಾರೆ. ಟಿಕೆಟ್ ಅಂತ ಬೇರೆ ಇಲ್ಲ, ಕಾರ್ಯಕ್ರಮದ ಪುಸ್ತಿಕೆ ಕೊಂಡರೆ ಆಯಿತು. ನಾನು ಮೊದಲ ಸಲ ಒಳಗೆ ಹೋದದ್ದು ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕೆ, ಬಾಖ್ ಮೇಲಿನ ಪ್ರೀತಿಯಿಂದೇನೂ ಅಲ್ಲ.

ಒಂದು ತಮಾಷೆ ಇದೆ. ಹುಡುಗರು ಹಾಡುವುದು ಹಿಂಭಾಗದ ಅಟ್ಟದ ಮೇಲಿಂದ. ನಡುವೆ ಕೂತವರಿಗೆಲ್ಲ ಹಾಡು ಬರುವುದು ಬೆನ್ನ ಹಿಂದಿನಿಂದ, ಅದೂ ಮೇಲಿನಿಂದ. ತಿರುಗಿ ನೋಡುವಂತಿಲ್ಲ. ಅಂದರೆ ನೀವು ಒಂದೂಕಾಲು ಗಂಟೆ ನೋಡುವುದು ಮುಂದಿನ ಸಾಲಿನವರ ಹಿಂದಲೆಯನ್ನ. ಹಾಗಾಗಿ ನನಗೆ ಮೊದಲು ಪರಿಚಯವಾದದ್ದು ಹಿಂದಲೆಗಳೇ. ಯಾರು ಈ ವಾರ ಕೂದಲು ಕತ್ತರಿಸಿಕೊಂಡರು, ಯಾರ ಕಿವಿಗೆ ಹೊಸ ಯಂತ್ರ ಬಂತು, ಯಾರ ಸ್ವೆಟರಿನ ಕಾಲರ್ ಹರಿದು ಮತ್ತೆ ಹೊಲಿಗೆ ಕಂಡಿದೆ.

ಬೆಂಗಳೂರಿನಲ್ಲಿದ್ದಾಗ ನಾನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಹೋಗುತ್ತಿದ್ದೆ. 1939ರಿಂದ ನಡೆದು ಬಂದಿರುವ ಸೇವೆ ಅದು. ಅಲ್ಲಿ ಪಕ್ಕದ ಕುರ್ಚಿಯವರು ವರ್ಣ ಮುಗಿಯುವ ಮೊದಲೇ ನನ್ನ ಊರು, ಕೆಲಸ, ಬಾಡಿಗೆ ಎಷ್ಟು, ಮದುವೆ ಯಾಕೆ ಆಗಿಲ್ಲ ಎಲ್ಲ ಕೇಳಿ ಮುಗಿಸಿದ್ದರು. ತನಿ ಆವರ್ತನದ ಹೊತ್ತಿಗೆ ಅವರ ಷಡ್ಡಕನ ಮಗಳ ಜಾತಕದವರೆಗೆ ಬಂದಿದ್ದೆವು. ಹಾಡಿದ್ದು ಯಾವ ರಾಗ ಅಂತ ಕೊನೆಗೂ ನನಗೆ ತಿಳಿಯಲಿಲ್ಲ. ನೀವು ಅಂತ ಮರ್ಯಾದೆಯಿಂದಲೇ ಕರೆದು ಸಂಬಳ ಎಷ್ಟು ಅಂತ ಕೇಳುವವರು ನಾವು. ಇಲ್ಲಿಯವರು ಝೀ ಅಂತ ಬಹುವಚನದಲ್ಲಿ ಶುರು ಮಾಡಿದರೆ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಾರೆ. ಡು, ಅಂದರೆ ನೀನು, ಅಂತ ಕರೆಯಬಹುದು ಎನ್ನುವ ಅಪ್ಪಣೆ ಹಿರಿಯರಿಂದ ಬರಬೇಕು. ಅಲ್ಲಿಯವರೆಗೆ ಕಾಯಬೇಕು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ನಿಧಾನವಾಗಿ ಬಂದದ್ದು ತುಂಬ ಒಳಗಿನಿಂದ ಬಂತು. ಮೂರನೇ ಸಾಲಿನ ಅಜ್ಜಿ (ಮನಸ್ಸಿನಲ್ಲಿ ಅಜ್ಜಿ, ಬಾಯಲ್ಲಿ ಝೀ) ಎರಡನೇ ವರ್ಷ ಒಂದು ದಿನ ಕೈಚೀಲದಿಂದ ಸಣ್ಣ ಬಾಟಲಿ ತೆಗೆದು ಕೊಟ್ಟರು. ಕೆಂಪು ಹಣ್ಣಿನ ಜಾಮು. ಅವರದ್ದೊಂದು ತೋಟದ ತುಂಡು ಇದೆ. ಊರಾಚೆ ಸಾಲುಸಾಲಾಗಿ ಸಂಘದವರು ಬಾಡಿಗೆಗೆ ಕೊಡುವ ಪುಟ್ಟ ತೋಟಗಳು, ಷ್ರೇಬರ್ ತೋಟ ಅಂತ ಹೆಸರು. ಆ ಹೆಸರು ಹುಟ್ಟಿದ್ದೇ ಲೈಪ್‌ಜಿಗ್‌ನಲ್ಲಿ. ಮೂರನೇ ಒಂದು ಪಾಲಿನಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕು, ಮಧ್ಯಾಹ್ನದ ಹೊತ್ತು ಹುಲ್ಲು ಕತ್ತರಿಸುವ ಯಂತ್ರ ಓಡಿಸಬಾರದು, ಹೀಗೆ ನೂರೆಂಟು ನಿಯಮ. ಬಸವನಹುಳು ಲೆಟಿಸ್ ತಿಂದದ್ದು, ಪಕ್ಕದ ತೋಟದವನು ಬೇಲಿ ಒಂದು ಗೇಣು ಎತ್ತರ ಮಾಡಿದ್ದು, ಎಲ್ಲ ಸುದ್ದಿಯೂ ಮೊಟೆಟ್ಟೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಹತ್ತು ನಿಮಿಷದಲ್ಲಿ ಬರುತ್ತದೆ. ಧಾರಾವಾಹಿಯ ಹಾಗೆ, ವಾರಕ್ಕೊಂದು ಕಂತು.

ಆಮೇಲೆ ಕಾಫಿ ಶುರುವಾಯಿತು. ಲೈಪ್‌ಜಿಗ್ ಇರುವ ಈ ಸ್ಯಾಕ್ಸನಿ ರಾಜ್ಯದವರಿಗೆ ಕಾಫಿ ಹುಚ್ಚು, ಉಳಿದ ಜರ್ಮನರು ಇವರನ್ನು ಕಾಫಿ ಸ್ಯಾಕ್ಸನರು ಅಂತಲೇ ಆಡಿಕೊಳ್ಳುತ್ತಾರೆ. ಬಾಖ್ ಕೂಡ ಕಾಫಿ ಮೇಲೆ ಒಂದು ಕ್ಯಾಂಟಾಟಾ, ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಬರೆದಿದ್ದಾರೆ. ಆದರೆ ಅಜ್ಜಿ ಫ್ಲಾಸ್ಕಿನಲ್ಲಿ ತಂದದ್ದು ಬ್ಲ್ಯೂಮ್‌ಶೆನ್ ಕಾಫಿ. ಹೂವಿನ ಕಾಫಿ ಅಂತ ಅರ್ಥ. ಎಷ್ಟು ತೆಳ್ಳಗೆ ಅಂದರೆ ಕಪ್ಪಿನ ತಳದಲ್ಲಿರುವ ಹೂವಿನ ಚಿತ್ರ ಕಾಣಬೇಕು! ಚಿಕ್ಕಮಗಳೂರು ಜಿಲ್ಲೆಯವನ ಕೈಗೆ ಇದನ್ನು ಕೊಟ್ಟರೆ ಹೇಗಿರಬೇಡ. ಮುಂದಿನ ವಾರ ನಾನು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆ ಹಾಕಿ ತೆಗೆದುಕೊಂಡು ಹೋದೆ. ಕಂಬದ ತಾತ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ಇವತ್ತು ರಾತ್ರಿ ನಿದ್ದೆ ಬೇಡ ಅಂದರೆ ಇದು ಒಳ್ಳೆಯದು ಅಂದರು. ಆದರೂ ಎರಡನೇ ಲೋಟಕ್ಕೆ ಕೈ ಚಾಚಿದರು.

ಕಂಬದ ತಾತ ಅಂದರೆ ಬಲಗಡೆ ಕಂಬಕ್ಕೆ ಒರಗಿ ಕೂರುವವರು. ಅವರಿಗೆ ಕೆಮ್ಮು. ಗಂಟಲಿಗೆ ಹಾಕಿಕೊಳ್ಳುವ ಗುಳಿಗೆಗಳ ಹೊದಿಕೆಯನ್ನು ಮನೆಯಲ್ಲೇ ಬಿಚ್ಚಿ, ಕರವಸ್ತ್ರದಲ್ಲಿ ಸಾಲಾಗಿ ಇಟ್ಟುಕೊಂಡು ಬರುತ್ತಾರೆ. ಹಾಡಿನ ನಡುವೆ ಕಾಗದ ಪರಪರ ಅನ್ನಬಾರದಲ್ಲ, ಅದಕ್ಕೆ. ಇಲ್ಲಿ ಚಪ್ಪಾಳೆಯೂ ಇಲ್ಲ. ತೊಡೆ ಮೇಲೆ ತಾಳ ಹಾಕುವುದು, ಭೇಷ್ ಅನ್ನುವುದು ದೂರದ ಮಾತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಇಡೀ ಚರ್ಚು ಒಟ್ಟಿಗೆ ಕೆಮ್ಮುತ್ತದೆ, ಅಷ್ಟೇ. ತಾತನಿಗೆ ಹುಡುಗರ ಮುಖ ಗೊತ್ತಿಲ್ಲ, ದನಿ ಗೊತ್ತು. ಮೇಲಿನ ಎಡ ಮೂಲೆಯವನ ಗಂಟಲು ಒಡೆಯುತ್ತಿದೆ, ಇನ್ನು ಎರಡು ತಿಂಗಳು ಅಷ್ಟೇ ಅಂತ ಮೊಮ್ಮಗನ ವಿಷಯ ಹೇಳುವ ಹಾಗೆ ಹೇಳುತ್ತಾರೆ. ಆ ಮಗುವಿನ ಹೆಸರು ಅವರೂ ಕೇಳಿಲ್ಲ, ಕೇಳುವುದೂ ಇಲ್ಲ. ಇದು ನನಗೆ ಇಷ್ಟವಾಗುತ್ತದೆ. ಹಾಡುವ ಮಕ್ಕಳನ್ನ ಅವರ ಪಾಡಿಗೆ ಬಿಡುವುದನ್ನ ನಾವು ಕಲಿಯಬೇಕು. ನಮ್ಮಲ್ಲಿ ಟೀವಿಯಲ್ಲಿ ಹಾಡಿದ ಹತ್ತು ವರ್ಷದ ಮಗು ಅಂಗಡಿಗೆ ಬಂದರೆ ಮುತ್ತಿಕೊಂಡು ಸೆಲ್ಫಿ ಕೇಳುತ್ತೇವೆ.

ಹೋದ ವರ್ಷ ಫೆಬ್ರವರಿಯಲ್ಲಿ ಕಂಬದ ತಾತ ಬರಲಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ಅವರ ಜಾಗದಲ್ಲಿ ಯಾರೋ ಪ್ರವಾಸಿಗಳು ಕೂತರು. ನಾವು ಮೆಟ್ಟಿಲ ಮೇಲೆ ನಿಂತು ತಾತನ ಬಗ್ಗೆ ಗೊತ್ತಿರುವುದನ್ನೆಲ್ಲ ಒಟ್ಟು ಹಾಕಿದೆವು. ಶನಿವಾರ ಬಟಾಣಿ ಸೂಪು ಮಾಡಿ ಎರಡು ದಿನ ತಿನ್ನುತ್ತಾರೆ. ಹೆಂಡತಿ ಹೋಗಿ ಒಂಬತ್ತು ವರ್ಷ. ರೈಲ್ವೆಯಲ್ಲಿದ್ದರು. ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಾರೆ, ಕೆಳಗಿನ ಮನೆಯವರು ಅದಕ್ಕೆ ಜಗಳ ಆಡುತ್ತಾರೆ. ಇಷ್ಟೆಲ್ಲ ಗೊತ್ತಿತ್ತು. ಮನೆ ಎಲ್ಲಿ? ಗೊತ್ತಿಲ್ಲ. ಫೋನ್ ನಂಬರ್? ಇಲ್ಲ. ಪೂರ್ತಿ ಹೆಸರು? ಒಬ್ಬರಿಗೂ ಗೊತ್ತಿಲ್ಲ!

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಆರು ವರ್ಷ ಏನ್ ಮಾಡ್ತಿದ್ದೆ ನೀನು? ಮನೆ ಎಲ್ಲಿ ಅಂತ ಒಂದು ಮಾತು ಕೇಳಕ್ಕೆ ಆಗಿಲ್ವೇನೋ?" ಅಂತ ಬೈದರು. ಅಮ್ಮನದ್ದು ಊರಿನ ಭಜನಾ ಮಂಡಳಿ. ಶನಿವಾರ ಒಬ್ಬರು ಭಜನೆಗೆ ಬರದಿದ್ದರೆ ಭಾನುವಾರ ಬೆಳಗ್ಗೆ ಅವರ ಅಂಗಳದಲ್ಲಿ ನಾಲ್ಕು ಜನ ನಿಂತಿರುತ್ತಾರೆ, ಒಬ್ಬರ ಕೈಯಲ್ಲಿ ಕಷಾಯ, ಇನ್ನೊಬ್ಬರ ಕೈಯಲ್ಲಿ ಗಂಜಿ.

ತಾತ ಬಂದದ್ದು ಈಸ್ಟರ್ ಆದ ಮೇಲೆ, ಕೋಲು ಊರಿಕೊಂಡು. ಸೊಂಟದ ಆಪರೇಷನ್ ಆಗಿತ್ತಂತೆ. ಆಸ್ಪತ್ರೆ, ಆಮೇಲೆ ನಡೆಯುವುದನ್ನು ಕಲಿಸುವ ಕೇಂದ್ರದಲ್ಲಿ ಮೂರು ವಾರ. ಯಾರಾದರೂ ನೋಡುವುದಕ್ಕೆ ಬಂದಿದ್ದರಾ ಅಂತ ಕೇಳಿದೆ. ಇಲ್ಲ, ಯಾರು ಬರಬೇಕು ಅಂದರು. ಬೇಜಾರಿಂದ ಹೇಳಿದ್ದಲ್ಲ. ಹೊರಗೆ ಮಳೆ ಇದೆ ಅನ್ನುವ ಹಾಗೆ ಹೇಳಿದರು. ಶನಿವಾರ ಮೂರು ಗಂಟೆಗೆ ಮಾತ್ರ ಗಡಿಯಾರ ನೋಡುತ್ತಿದ್ದರಂತೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ. ಮುಂದಿನ ವಾರ ಒಂದು ಹಾಳೆಯ ಮೇಲೆ ಗೆರೆ ಎಳೆದು, ಹೆಸರು, ವಿಳಾಸ, ಫೋನ್ ಅಂತ ಬರೆದು ಮೆಟ್ಟಿಲ ಮೇಲೆ ಎಲ್ಲರ ಕೈಗೂ ಕೊಟ್ಟೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವನ ಉತ್ಸಾಹ ನನಗೆ. ಹಾಳೆ ಒಬ್ಬರಿಂದ ಒಬ್ಬರಿಗೆ ಹೋಯಿತು. ಯಾರೂ ಬರೆಯಲಿಲ್ಲ. ಖಾಲಿ ಹಾಳೆ ನನ್ನ ಕೈಗೇ ವಾಪಸ್ ಬಂತು.

ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. ಚರ್ಚಿನಿಂದ ಸ್ವಲ್ಪ ದೂರ ನಡೆದು ಒಂದು ದೊಡ್ಡ ಕಟ್ಟಡ ತೋರಿಸಿದರು. ದುಂಡನೆಯ ಮೂಲೆ ಅಂತ ಅದನ್ನು ಕರೆಯುತ್ತಾರೆ. ಈಗ ಮ್ಯೂಸಿಯಂ. ಪೂರ್ವ ಜರ್ಮನಿಯ ಕಾಲದಲ್ಲಿ ಸ್ಟಾಸಿಯ, ಅಂದರೆ ಗುಪ್ತ ಪೊಲೀಸರ ಜಿಲ್ಲಾ ಕಚೇರಿ ಅದೇ ಆಗಿತ್ತು. 1989ರ ಡಿಸೆಂಬರ್ 4ರಂದು ಜನ ಒಳಗೆ ನುಗ್ಗಿ ಮುಚ್ಚಿಸುವವರೆಗೂ ಊರಿನ ಸಂಗತಿಯೆಲ್ಲ ಅಲ್ಲಿ ಕಡತವಾಗುತ್ತಿತ್ತು. ಅಜ್ಜಿ ಆಗಲೂ ಮೊಟೆಟ್ಟೆಗೆ ಬರುತ್ತಿದ್ದರು. ಪಕ್ಕದವರ ಹೆಸರು ಕೇಳದಿರುವುದೇ ಆಗ ಅವರಿಗೆ ಮಾಡುವ ಉಪಕಾರ ಅಂದರು. ಗೊತ್ತಿಲ್ಲದ್ದನ್ನು ಯಾರಿಗೂ ಹೇಳಿಕೊಡುವ ಪ್ರಶ್ನೆ ಬರುವುದಿಲ್ಲವಲ್ಲ. ಜಾಮಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದಿತ್ತಂತೆ.

ಜರ್ಮನರು ತಣ್ಣಗಿನ ಜನ ಅಂತ ನಾವು ಹೊರನಾಡಿನವರು ಹಬ್ಬಕ್ಕೆ ಸೇರಿದಾಗೆಲ್ಲ ಹೇಳಿಕೊಳ್ಳುತ್ತೇವೆ. ನಾನೂ ಹೇಳಿದ್ದೇನೆ. ಚಕ್ಕುಲಿ ತಿನ್ನುತ್ತಾ ಹೇಳುವುದು ಸುಲಭ. ಆ ಖಾಲಿ ಹಾಳೆಯ ಹಿಂದೆ ಏನಿದೆ ಅಂತ ನನಗೆ ಆರು ವರ್ಷವಾದರೂ ಹೊಳೆದಿರಲಿಲ್ಲ.

ಇನ್ನೊಂದು ಕಡೆಯದ್ದೂ ಹೇಳಿಬಿಡುತ್ತೇನೆ. ಅಮ್ಮನ ಮಂಡಳಿಯಲ್ಲಿ ಚೆನ್ನಾಗಿ ಹಾಡುತ್ತಿದ್ದ ಒಬ್ಬರು, ನಾನು ಚಿಕ್ಕಮ್ಮ ಅಂತ ಕರೆಯುತ್ತಿದ್ದೆ, ಒಂದು ತಿಂಗಳು ಬರಲಿಲ್ಲ. ಇಡೀ ಮಂಡಳಿ ಅವರ ಮನೆಗೆ ಹೋಯಿತು. ಮೈ ಹುಷಾರಿಲ್ವಾ, ದುಡ್ಡಿನ ತೊಂದರೆಯಾ, ಮನೆಯಲ್ಲಿ ಏನಾದ್ರೂ ಮಾತು ಬಂತಾ ಅಂತ ಕೇಳಿ ಕೇಳಿ, ಮಗನ ಸಂಸಾರ ಮುರಿದದ್ದನ್ನು ಅವರ ಬಾಯಿಂದಲೇ ಹೊರಡಿಸಿದರು. ಕಷಾಯ ಕೊಟ್ಟು ಬಂದರು. ಆ ಚಿಕ್ಕಮ್ಮ ಮತ್ತೆ ಭಜನೆಗೆ ಬರಲೇ ಇಲ್ಲ. ಅಮ್ಮ ಈಗಲೂ "ನಾವೇನು ಕೆಟ್ಟದ್ದಕ್ಕೆ ಹೋಗಿದ್ವಾ" ಅನ್ನುತ್ತಾರೆ. ಕೆಟ್ಟದ್ದಕ್ಕೆ ಹೋಗಿರಲಿಲ್ಲ, ನಿಜ. ಆದರೆ ಅವರು ಹಾಡುತ್ತಿದ್ದ ಜಾಗ ಖಾಲಿ ಆಯಿತಲ್ಲ.

ಆದರೂ ನನ್ನ ವಾದ ನಾನು ಬಿಟ್ಟಿಲ್ಲ. ವಾರವಾರವೂ ಒಟ್ಟಿಗೆ ಕೂತು ಹಾಡು ಕೇಳುವವರು ಒಬ್ಬರ ಬಾಗಿಲು ಇನ್ನೊಬ್ಬರಿಗೆ ಗೊತ್ತಿರಬೇಕು. ಒಬ್ಬಂಟಿ ಮುದುಕರೇ ಜಾಸ್ತಿ ಇರುವ ಗುಂಪಿನಲ್ಲಂತೂ ಇದು ಬೇಕೇ ಬೇಕು. ಬಾಗಿಲಾಚೆ ಏನು ನಡೆದಿದೆ ಅಂತ ಕೆದಕುವುದು ಬೇರೆ, ಅದನ್ನ ಬಿಡೋಣ. ಇದನ್ನೇ ನನ್ನ ಹರುಕು ಜರ್ಮನ್‌ನಲ್ಲಿ ಮೆಟ್ಟಿಲ ಮೇಲೆ ಹೇಳಿದೆ. ಹಾಳೆ ಹರಿದು ಹಾಕಿ, ನನ್ನ ನಂಬರನ್ನು ಮಾತ್ರ ಚೀಟಿಗಳಲ್ಲಿ ಬರೆದು ಎಲ್ಲರಿಗೂ ಕೊಟ್ಟೆ. ಬೇಕಾದವರು ಮಾಡಿ, ಬೇಡದವರು ಬಿಸಾಡಿ ಅಂದೆ. ತಾತ ಚೀಟಿಯನ್ನು ಗುಳಿಗೆಗಳ ಕರವಸ್ತ್ರದೊಳಗೆ ಮಡಚಿ ಇಟ್ಟುಕೊಂಡರು. ಒಬ್ಬರು ಇದೆಲ್ಲ ತನಗೆ ಬೇಡ ಅಂತ ನೇರವಾಗಿ ಹೇಳಿ ಚೀಟಿ ವಾಪಸ್ ಕೊಟ್ಟರು. ಮುಂದಿನ ವಾರ ಅವರೂ ಎಂದಿನಂತೆ ತಲೆ ಆಡಿಸಿದರು.

ಎರಡು ತಿಂಗಳು ಒಂದು ಫೋನೂ ಬರಲಿಲ್ಲ. ಜೂನ್‌ನಲ್ಲಿ ಒಂದು ಶನಿವಾರ, ನಾನು ಟ್ರಾಮಿಗೆ ಕಾಯುತ್ತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಕರೆ. ಮೂರನೇ ಸಾಲಿನ ಅಜ್ಜಿ. ಮೊದಲು ತಮ್ಮ ಹೆಸರು ಹೇಳಿದರು, ಪೂರ್ತಿ ಹೆಸರು. ಆಮೇಲೆ, ಇವತ್ತು ನಾನು ಬರುವುದಿಲ್ಲ ಅಂದರು. ಕಾರಣ ಕೇಳಬಾರದು ಅಂತ ಅಷ್ಟು ಭಾಷಣ ಬಿಗಿದವನು ನಾನೇ, ಆದರೆ ಬಾಯಿ ಮಾತ್ರ ಕೊಪ್ಪದ್ದು.

"ಯಾಕೆ?" ಅಂದುಬಿಟ್ಟೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಜಾಮ್ ಒಲೆ ಮೇಲಿದೆ," ಅಂದು ಫೋನ್ ಇಟ್ಟರು.