ನೊರೆಗೆ 22 ಸಾವಿರ ಕೊಟ್ಟವನು

ನಮ್ಮ ಮನೆ ಹಾಲ್‌ನಲ್ಲಿ 300 ಲೀಟರಿನ ಸಮುದ್ರವಿದೆ, ಅಂದರೆ ಉಪ್ಪುನೀರಿನ ಮೀನಿನ ಟ್ಯಾಂಕ್. ಮನೆ ಇರುವುದು ಕೋರಮಂಗಲದಲ್ಲಿ, ಅಸಲಿ ಸಮುದ್ರಕ್ಕಿಂತ ಸುಮಾರು 900 ಮೀಟರ್ ಮೇಲೆ. ಅಷ್ಟು ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರನ್ನು ನಾನು ಆರ್‌ಒ ಮೆಷಿನ್‌ಗೆ ಬಿಟ್ಟು, ಒಂದು ಬಕೆಟ್ ಶುದ್ಧ ನೀರಿಗೆ ಮೂರು ಬಕೆಟ್ ಚರಂಡಿಗೆ ಕಳಿಸಿ, ಉಳಿದಿದ್ದಕ್ಕೆ ಲೀಟರಿಗೆ 35 ಗ್ರಾಂ ಚಿಲ್ಲರೆ ಲೆಕ್ಕದಲ್ಲಿ ವಿದೇಶಿ ಉಪ್ಪು ಸುರಿಯುತ್ತೇನೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಕಲಿ ಸಮುದ್ರದ ಹೆಸರು ಆ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಸುಮ್ನೆ ಇದ್ದೆ.

ಇಷ್ಟೆಲ್ಲಾ ಮಾಡಿ ಬೆಳೆಸಿದ್ದು ಏನು? ಪಾಚಿ. ಮೊದಲ ತಿಂಗಳು ಕಂದು ಧೂಳಿನ ಹಾಗೆ, ಆಮೇಲೆ ಹಸಿರು ಕೂದಲಿನ ಹಾಗೆ, ಅದರ ಮೇಲೆ ಕೆಂಪು ಲೋಳೆ. ಕೆಂಪು ಲೋಳೆ ಪಾಚಿಯೇ ಅಲ್ಲವಂತೆ, ಬ್ಯಾಕ್ಟೀರಿಯಾ ಅಂತೆ. ಅಂಗಡಿಯವನು ಹೇಳಿದ. ಹೇಳಿ, ಅದಕ್ಕೂ ಬೇರೆ ಬಾಟಲಿ ಕೊಟ್ಟ.

ಕೂದಲು ಪಾಚಿಗೆ ಒಂದು ಡಜನ್ ಟರ್ಬೋ ಬಸವನಹುಳು ತಂದೆ. ಅವು ಮೇಯುವುದಕ್ಕಿಂತ ಜಾಸ್ತಿ ಮಗುಚಿ ಬೀಳುತ್ತವೆ. ರಾತ್ರಿ ಎದ್ದು ಒಂದೊಂದನ್ನೇ ನೆಟ್ಟಗೆ ಮಾಡಿ ಮಲಗಬೇಕು. ಬ್ರಯಾಪ್ಸಿಸ್ ಅನ್ನೋ ಇನ್ನೊಂದು ಜಾತಿಯನ್ನಂತೂ ಬಸವನಹುಳುವೂ ಮೂಸುವುದಿಲ್ಲ, ಅದಕ್ಕೆ ಮನುಷ್ಯರ ಫಂಗಸ್ ಮಾತ್ರೆ ಫ್ಲುಕೊನಜೋಲ್ ಹಾಕುವ ರೂಢಿ ಇದೆ. ಲೆಕ್ಕ ಹಾಕಿದರೆ ನನ್ನ ಟ್ಯಾಂಕಿಗೆ 150 ಮಿಲಿಗ್ರಾಮಿನ 11 ಮಾತ್ರೆ. ಮೆಡಿಕಲ್ ಶಾಪಿನವರು ಚೀಟಿ ಕೇಳಿದರು. ಇಲ್ಲ ಅಂದೆ.

"ಯಾರಿಗೆ ಸಾರ್, ಇಷ್ಟೊಂದು?"

"ಪಾಚಿಗೆ."

ಅವರು ನನ್ನ ಕೈ, ಕುತ್ತಿಗೆ ಎಲ್ಲಾ ಒಮ್ಮೆ ನೋಡಿ, "ಡಾಕ್ಟರ್‌ಗೆ ತೋರಿಸಿಬಿಡಿ ಸಾರ್" ಅಂದರು.

ಸರಿ, ಪಾಚಿಗೆ ಊಟವೇ ಸಿಗದ ಹಾಗೆ ಮಾಡೋಣ ಅಂತ ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ತುಂಬಿಸಿದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಟೆಸ್ಟ್ ಕಿಟ್ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡೆ. ಮೂರನೇ ವಾರಕ್ಕೆ ಕಲ್ಲಿನ ಮೇಲೆಲ್ಲಾ ಗುಳ್ಳೆ ಕಟ್ಟಿದ ಸಿಂಬಳದಂಥದ್ದು ಬಂತು. ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ. ಎರಡೂ ಸೊನ್ನೆಗೆ ಬಂದಾಗಲೇ ಕಾದಿದ್ದು ಎದ್ದು ಬರುವ ಜಾತಿ. ಮತ್ತೆ ಅಂಗಡಿಗೆ ಹೋದೆ. ಈ ಸಲ ಅವನು ಕೊಟ್ಟಿದ್ದು ಏನು ಗೊತ್ತಾ? ಫಾಸ್ಫೇಟ್. ಬಾಟಲಿಯಲ್ಲಿ. ತೆಗೆಯುವುದಕ್ಕೂ ದುಡ್ಡು, ಹಾಕುವುದಕ್ಕೂ ದುಡ್ಡು. ಬೆಳ್ಳಂದೂರಿನ ಕೊಳಚೆ ಕೆರೆಯಿಂದ ಒಂದು ಚೊಂಬು ತಂದಿದ್ದರೆ ವರ್ಷಕ್ಕಾಗುತ್ತಿತ್ತು.

ಅಮ್ಮ ಮಾತ್ರ ಮೊದಲ ದಿನದಿಂದ ಒಂದೇ ಮಾತು. "ಇರೋದು ಆರು ಮೀನು ಕಣೋ. ಮದುವೆ ಮನೆ ಊಟ ಹಾಕ್ತೀಯ." ಕಡಿಮೆ ಹಾಕು ಅನ್ನೋ ಸಲಹೆಗೆ ಬಾಟಲಿ ಇಲ್ಲ, ಲೇಬಲ್ ಇಲ್ಲ, ಬೆಲೆ ಇಲ್ಲ. ಹಾಗಾಗಿ ನಂಬಿಕೆ ಬರಲಿಲ್ಲ.

ಕೊನೆಗೆ ಪ್ರೊಟೀನ್ ಸ್ಕಿಮ್ಮರ್ ತಂದೆ, 22,000 ರೂಪಾಯಿ. ಕೊಳಕು ನೀರಿಗೆ ಸಣ್ಣ ಸಣ್ಣ ಗುಳ್ಳೆ ಊದುತ್ತದೆ, ಗಲೀಜು ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ ಕಪ್ಪಿಗೆ ಬೀಳುತ್ತದೆ. ಮೊದಲ ಸಲ ನೊರೆ ಬಂದಾಗ ಮನೆಯವರನ್ನೆಲ್ಲಾ ಕರೆದು ತೋರಿಸಿದೆ. ಅಮ್ಮ ನೋಡಿ, "ಇದನ್ನ ಬೆಳ್ಳಂದೂರಲ್ಲಿ ಫ್ರೀಯಾಗಿ ತೋರಿಸ್ತಿದ್ರಲ್ಲೋ" ಅಂದರು.

ನಿಜ. ನಮ್ಮ ಕಡೆಯ ಕೊಳಚೆಯೆಲ್ಲಾ ಇಳಿದು ಹೋಗುವುದು ಅಲ್ಲಿಗೇ. ಸುಮಾರು 900 ಎಕರೆಯ ಟ್ಯಾಂಕ್, ಊಟ ಹಾಕುವವರು ಲಕ್ಷಗಟ್ಟಲೆ: ಬಟ್ಟೆ ಒಗೆದ ನೀರು, ಕಕ್ಕಸಿನ ನೀರು, ಎಲ್ಲಾ. ಸ್ಕಿಮ್ಮರ್‌ಗೆ ಕರೆಂಟೂ ಬೇಡ, ಕೋಡಿಯಲ್ಲಿ ನೀರು ಧುಮುಕಿದರೆ ಸಾಕು, ಆಳೆತ್ತರ ನೊರೆ ಏಳುತ್ತಿತ್ತು. ನನ್ನ ಸ್ಕಿಮ್ಮರ್‌ಗೆ ಕಪ್ ಇದೆ. ಅಲ್ಲಿ ಕಪ್ ಅಂದರೆ ರಸ್ತೆ. ಆ ನೊರೆ ಹಾರಿ ಬೈಕಿನವರ ಮುಖಕ್ಕೆ ಅಂಟತೊಡಗಿದಾಗ ನಮ್ಮ ಆಡಳಿತ ಬಲೆ ಕಟ್ಟಿಸಿತು. ಹೌದು, ನೊರೆಗೆ ಬಲೆ. ಆಮೇಲೆ ನೊರೆ ಕೂರಲಿ ಅಂತ ಮೇಲಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್. ಕೆರೆಗೆ ಬೆಂಕಿಯೂ ಬಿತ್ತು, 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ. ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಆ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 50 ಕೋಟಿ ದಂಡ ಹಾಕಿತು. ಕಾರು ತೊಳೆದಿದ್ದರೆ 5,000ದಲ್ಲಿ ಮುಗಿಯುತ್ತಿತ್ತು, ಅಲ್ವಾ?

ನನ್ನ ಟ್ಯಾಂಕನ್ನೂ ಇದೇ ಲೆಕ್ಕದಲ್ಲಿ ನೋಡಿಕೊಳ್ಳಬಹುದಿತ್ತು. ಪಾಚಿ ಕಾಣದ ಹಾಗೆ ಗಾಜಿಗೆ ಪರದೆ, ಪರದೆಗೆ ಟೆಂಡರ್, ಪರದೆ ಹರಿದ ಮೇಲೆ ತಜ್ಞರ ಸಮಿತಿ, ಸಮಿತಿ ವರದಿ ಬರುವವರೆಗೆ ಮೀನುಗಳಿಗೆ ಪರಿಹಾರ. ಊಟ ಕಡಿಮೆ ಹಾಕುವ ವಿಷಯ ಮಾತ್ರ ಯಾರೂ ಎತ್ತಬಾರದು.

ಇರಲಿ. ಇವತ್ತು ಭಾನುವಾರ, ನೀರು ಬದಲಾಯಿಸುವ ದಿನ. 60 ಲೀಟರ್ ಹಳೇ ನೀರು, ಅದರಲ್ಲಿ ಕಿತ್ತ ಪಾಚಿ, ಮೇಲೆ ಸ್ಕಿಮ್ಮರ್ ಕಪ್ಪಿನ ಕರಿ ಕಷಾಯ, ಎಲ್ಲಾ ಬಾತ್‌ರೂಮ್ ಚರಂಡಿಗೆ ಸುರಿದೆ. ಟ್ಯಾಂಕು ಫಳಫಳ. ನೆಲ ಒರೆಸಿದ ಟವೆಲ್‌ಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕಿದ್ದೇನೆ. ಸಮುದ್ರದ ವಾಸನೆ ಬೇಗ ಹೋಗೋದಿಲ್ಲ, ಅದಕ್ಕೇ ಡಿಟರ್ಜೆಂಟ್ ಎರಡು ಚಮಚ ಜಾಸ್ತಿ. ಚೆನ್ನಾಗಿ ನೊರೆ ಬರ್ತಿದೆ.