ಇಟಾಲಿಯನ್ 30 ದಿನದಲ್ಲಿ ಬರಲ್ಲ, ಉಕ್ತಲೇಖನದಲ್ಲಿ ಬರುತ್ತೆ

"30 ದಿನದಲ್ಲಿ ಇಟಾಲಿಯನ್ ಫ್ಲೂಯೆಂಟಾಗಿ ಮಾತಾಡಿ" ಅನ್ನುವ ಜಾಹೀರಾತು ಈ ವಾರ ಮತ್ತೆ ಮೊಬೈಲಿಗೆ ಬಂತು. ನನ್ನ ಅಣ್ಣನ ಮಗಳು ಅದನ್ನು ನೋಡಿ ದುಡ್ಡು ಕಟ್ಟಲು ಹೊರಟಿದ್ದಳು. "ಅತ್ತೆ, ನಿಮಗೆ ಹೆಂಗೂ ಬರುತ್ತಲ್ಲ, ಇದು ಚೆನ್ನಾಗಿದೆಯಾ ನೋಡಿ ಹೇಳಿ" ಅಂದಳು. ಚೆನ್ನಾಗಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಗಳಿಗೆ ಹೋಗುವವರಿಗೆ ಭಾಷೆ ಕಲಿಸಲು ಒಂದು ಸಂಸ್ಥೆ ನಡೆಸುತ್ತದೆ. ಅದರ ಹೆಸರು ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್. ಇಂಗ್ಲಿಷ್ ಮನೆಮಾತಿನವರಿಗೆ ಇಟಾಲಿಯನ್ ಸುಲಭದ ಭಾಷೆ ಅಂತಲೇ ಅವರ ಪಟ್ಟಿಯಲ್ಲಿದೆ. ಆದರೂ ಸುಮಾರು 600ರಿಂದ 700 ಗಂಟೆ ಕ್ಲಾಸು ಬೇಕು ಅನ್ನುತ್ತಾರೆ. (ತಮಿಳು, ತೆಲುಗಿಗೆ ಸಾವಿರಕ್ಕೂ ಹೆಚ್ಚು ಗಂಟೆ. ಓದಿ ಒಳಗೊಳಗೇ ಖುಷಿಯಾಯಿತು.) ಸಂಬಳ ತಗೊಂಡು, ಬೇರೆ ಕೆಲಸವಿಲ್ಲದೆ, ಮೇಷ್ಟ್ರ ಎದುರು ಕೂತು ಕಲಿಯುವವರ ಲೆಕ್ಕ ಇದು. ಕಡಿಮೆ ಅಂಕಿಯನ್ನೇ ಹಿಡಿದು 30 ದಿನಕ್ಕೆ ಹಂಚಿ ನೋಡಿ. ದಿನಕ್ಕೆ 20 ಗಂಟೆ. ನಿದ್ದೆ, ಸ್ನಾನ, ಊಟ, ಜಗಳ ಎಲ್ಲ ಉಳಿದ ನಾಲ್ಕು ಗಂಟೆಯಲ್ಲಿ! ದಿನಾ ಒಂದು ಗಂಟೆ ಓದಿದರೆ ಹತ್ತಿರ ಹತ್ತಿರ ಎರಡು ವರ್ಷ. ಅರ್ಧ ಗಂಟೆಯಾದರೆ ನಾಲ್ಕು. ನಿಜವಾದ ಬೆಲೆ ಇದು. ಇದಕ್ಕಿಂತ ಕಡಿಮೆ ಹೇಳುವವರು ನಿಮಗೆ ಏನೋ ಮಾರುತ್ತಿದ್ದಾರೆ.

ನನಗೂ ವರ್ಷಗಳೇ ಹಿಡಿದವು. ಈಗ ಫೋನಿನಲ್ಲಿ ಮಾತಾಡುತ್ತೇನೆ, ಪತ್ರಿಕೆ ಓದುತ್ತೇನೆ, ಬೇಕಾದರೆ ವಾದವನ್ನೂ ಮಾಡುತ್ತೇನೆ. ಇಟಲಿಗೆ ಹೋಗಿಲ್ಲ. ಪಾಸ್‌ಪೋರ್ಟ್ ಬೀರುವಿನಲ್ಲಿದೆ, ಅದರ ಹಾಳೆಗಳು ಖಾಲಿ ಇವೆ.

ಚಿಕ್ಕಮಗಳೂರಿನಲ್ಲಿ ಕೂತು ಇಟಾಲಿಯನ್ ಯಾಕೆ ಅಂತ ಕೇಳುವವರಿಗೆ ಆಶ್ಚರ್ಯ. ನನಗೆ ಅವರು ಕೇಳುವುದೇ ಆಶ್ಚರ್ಯ. ನಮ್ಮ ದೇಶದ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶ ಇಟಲಿ. ಅವರ ಗಟ್ಟಿ ಕಾಫಿ ಎಸ್ಪ್ರೆಸೊ ಮೇಲೆ ಆ ಕಂದು ನೊರೆ ದಪ್ಪಗೆ ನಿಲ್ಲಲು ರೋಬಸ್ಟಾ ಜಾತಿಯ ಬೀಜ ಸಹಾಯ ಮಾಡುತ್ತದೆ, ಅದಕ್ಕೆ ನಮ್ಮ ಕಡೆಯ ಬೀಜಕ್ಕೆ ಅಲ್ಲಿ ಬೇಡಿಕೆ. ನಾನು ಕೆಲಸ ಮಾಡುವುದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ. ಮೂಟೆಗಳ ಮೇಲೆ ಜಿನೋವಾ, ತ್ರಿಯೆಸ್ತೆ ಅಂತ ಬಂದರುಗಳ ಹೆಸರು ನೋಡಿಕೊಂಡೇ ಇದ್ದವಳು. ಕೆಲಸಕ್ಕೆ ಇಟಾಲಿಯನ್ ಬೇಕಾಗಿಯೇ ಇಲ್ಲ, ಕಾಗದವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಸುಮ್ನೆ ಆಸೆ. ಆಸೆಯಿಂದ ಏನನ್ನಾದರೂ ಕಲಿಯುವುದಕ್ಕೆ ನಮ್ಮಲ್ಲಿ ಕಾರಣ ಕೊಡಬೇಕಾಗುತ್ತದೆ. ಹುಡುಗರು ದಿನಾ ಸಂಜೆ ಕ್ರಿಕೆಟ್ ಆಡಿದರೆ ಯಾರೂ ಯಾಕೆ ಅನ್ನುವುದಿಲ್ಲ.

ಈಗ ಆ್ಯಪ್‌ಗಳ ವಿಷಯ. ಇಷ್ಟು ದಿನ ಬಿಡದೆ ಆಡಿದೆ ಅಂತ ಸ್ಟ್ರೀಕ್ ತೋರಿಸುವ ಆ್ಯಪ್ ಇರುತ್ತದಲ್ಲ, ಅದನ್ನು ನಂಬಿ ಕೂತವರನ್ನು ಬಹಳ ನೋಡಿದ್ದೇನೆ. ರಾತ್ರಿ ಮಲಗುವ ಮೊದಲು ಎರಡು ನಿಮಿಷ ಗುಂಡಿ ಒತ್ತುತ್ತಾರೆ, ಬೆಂಕಿ ಗುರುತು ಉಳಿಯುತ್ತದೆ, ನೆಮ್ಮದಿ. ಅದು ಹಾಜರಿ ಹಾಕಿ ಕ್ಲಾಸಿಗೆ ಚಕ್ಕರ್ ಹೊಡೆದ ಹಾಗೆ. ದಿನಾ ಅನ್ನುವುದು ಬೇಕೇ ಬೇಕು, ನಾನು ಅದರ ಕಡೆಯವಳೇ. ಆದರೆ ದಿನಾ ಏನು ಮಾಡುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಎದುರಿಗೆ ನಾಲ್ಕು ಉತ್ತರ ಇಟ್ಟು ಒಂದನ್ನು ಆರಿಸು ಅಂದರೆ ಯಾರಿಗಾದರೂ ಬರುತ್ತದೆ. ಖಾಲಿ ಹಾಳೆ ಇಟ್ಟು ಬರೆ ಅನ್ನಲಿ, ಆಗ ಗೊತ್ತಾಗುತ್ತದೆ.

ನನಗೆ ಖಾಲಿ ಹಾಳೆ ಕಲಿಸಿದ್ದು ನಮ್ಮ ಪ್ರೈಮರಿ ಶಾಲೆ. ಮಗ್ಗಿ, ಕಾಪಿ ಬರೆಯುವುದು, ಉಕ್ತಲೇಖನ. ಈಗಿನ ಕಾಲದಲ್ಲಿ ಈ ಮೂರನ್ನೂ ಬಯ್ಯುವುದು ಫ್ಯಾಷನ್. ಉರು ಹೊಡೆಸುತ್ತಾರೆ, ಮಕ್ಕಳ ತಲೆ ಹಾಳು ಅಂತ. ಗಣಿತಕ್ಕೆ, ವಿಜ್ಞಾನಕ್ಕೆ ಆ ಮಾತು ಸರಿ ಇರಬಹುದು. ಭಾಷೆಗೆ ಮಾತ್ರ ಇವುಗಳಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ರಿಯಾಪದಗಳನ್ನು ಮಗ್ಗಿಯ ಹಾಗೇ ಬಾಯಿಪಾಠ ಮಾಡಿದೆ. ಪಾರ್ಲೊ, ಪಾರ್ಲಿ, ಪಾರ್ಲ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ ಅಂತ ಸಾಲಾಗಿ. ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಾ ಹೇಳುತ್ತಿದ್ದೆ. ನಮ್ಮತ್ತೆ ಒಳಗಿಂದ "ಇದ್ಯಾವ ದೇವ್ರ ಮಂತ್ರನೇ?" ಅಂದರು. ಆಮೇಲೆ ಅವರೇ ನಾಲ್ಕನೆಯದನ್ನು ನಾನು ಮರೆತರೆ ಎತ್ತಿಕೊಡುತ್ತಿದ್ದರು. ಅರ್ಥ ಗೊತ್ತಿಲ್ಲ, ರಾಗ ಗೊತ್ತು.

ಉಕ್ತಲೇಖನ ಅದಕ್ಕಿಂತ ದೊಡ್ಡದು. ಕೋರ್ಸ್ ಪುಸ್ತಕಗಳ ಜೊತೆ ಆಡಿಯೊ ಬರುತ್ತದೆ, ಅದರಲ್ಲಿ ಆಡಿದ ಮಾತೆಲ್ಲ ಪುಸ್ತಕದ ಹಿಂದೆ ಅಚ್ಚಾಗಿರುತ್ತದೆ. ಒಂದು ನಿಮಿಷದ ಆಡಿಯೊ ಹಾಕುವುದು, ನಿಲ್ಲಿಸುವುದು, ಕೇಳಿದ್ದನ್ನು ಬರೆಯುವುದು. ಮುಗಿದ ಮೇಲೆ ಹಿಂದಿನ ಹಾಳೆ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದುವುದು. ಬೇಜಾರಿನ ಕೆಲಸ, ಒಪ್ಪಿಕೊಳ್ಳುತ್ತೇನೆ. ಆದರೆ ಮಾತಿನಲ್ಲಿ ಪದಗಳು ಹೇಗೆ ಅಂಟಿಕೊಳ್ಳುತ್ತವೆ ಅನ್ನುವುದು ಗೊತ್ತಾಗುವುದು ಇದರಿಂದಲೇ. "ನನ್ನ ಹತ್ತಿರ ಇದೆ" ಅನ್ನಲು ಅವರು "ಚೆಲೊ" ಅನ್ನುತ್ತಾರೆ. ಕಿವಿಗೆ ಒಂದೇ ಪದ. ಹಾಳೆಯ ಮೇಲೆ ನೋಡಿದರೆ ಮೂರು ತುಂಡು ಸೇರಿಸಿದ್ದು. ಹೀಗೆ ಒಂದೊಂದೇ ಬಿಡಿಸಿಕೊಂಡು ಹೋದ ಮೇಲೆ ಇಟಲಿಯ ಸರ್ಕಾರಿ ರಾಯ್ ರೇಡಿಯೊ ಹಾಕಿದರೆ ಜೋರು ಮಳೆಯಂಥ ಸದ್ದು ನಿಂತು ಮಾತು ಕೇಳಿಸಲು ಶುರುವಾಯಿತು. ವ್ಯಾಕರಣ ಪುಸ್ತಕವನ್ನು ಎಷ್ಟು ಓದಿದರೂ ಇದು ಆಗುವುದಿಲ್ಲ.

ಹೊತ್ತು ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ನಾನು ಹೊಸದಾಗಿ ಹೊತ್ತು ಮಾಡಲಿಲ್ಲ, ಇದ್ದದ್ದಕ್ಕೆ ಕಟ್ಟಿದೆ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಹಾಕಿದರೆ ಡಿಕಾಕ್ಷನ್ ಇಳಿಯಲು ಕಾಲು ಗಂಟೆ ಬೇಕು. ಆ ಕಾಲು ಗಂಟೆ ಪದಗಳಿಗೆ. ಆಂಕಿ ಅಂತ ಒಂದು ಆ್ಯಪ್ ಇದೆ, ಆಂಡ್ರಾಯ್ಡಿನಲ್ಲಿ ಬಿಟ್ಟಿ. ನಿಮಗೆ ಬರುವ ಪದವನ್ನು ದೂರ ತಳ್ಳಿ, ಬಾರದ್ದನ್ನು ಬೇಗ ಬೇಗ ಮುಂದೆ ತರುತ್ತದೆ. ಮರೆವಿಗೂ ಒಂದು ಲೆಕ್ಕ ಇದೆ ಅಂತ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ 1885ರಲ್ಲೇ ತೋರಿಸಿದ್ದ. ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದ ಮನುಷ್ಯ. ಆಂಕಿಯ ಬುಡ ಅಲ್ಲಿದೆ. ಮತ್ತೆ ಪದಗಳು ಅಂದರೆ ಸಾಗರ ಅಂತ ಹೆದರಬೇಡಿ. ತುಲ್ಲಿಯೊ ದೆ ಮೌರೊ ಎಂಬ ಭಾಷಾ ವಿದ್ವಾಂಸರು ಇಟಾಲಿಯನ್ನಿನ ಮೂಲಪದಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ ತೀರಾ ಅಗತ್ಯದವು ಸುಮಾರು 2000. ದಿನದ ಮಾತಿನಲ್ಲಿ ಮತ್ತೆ ಮತ್ತೆ ಸಿಗುವುದು ಅವೇ.

ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ರೇಡಿಯೊ. ಉಕ್ತಲೇಖನ ರಾತ್ರಿ ಪಾತ್ರೆ ಮುಗಿದ ಮೇಲೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವ ದಿನಗಳಿಗೆ ಡೌನ್‌ಲೋಡ್ ಮಾಡಿದ ಆಡಿಯೊ, ಒಂದು ನೋಟ್‌ಬುಕ್ಕು. ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ನಾವು ಇಟಾಲಿಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ, ಪುಸ್ತಕಗಳು ಹಾಗಿವೆ. ಅಲ್ಲೇ ನಮಗೆ ನಷ್ಟ. ಹಿರೇಮಗಳೂರಿನ ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ನಡೆಯುತ್ತದೆ, ದೇವರೇನೂ ಬೇಡ ಅಂದಿಲ್ಲ. ಇಟಾಲಿಯನ್ನಿಗೂ ಕನ್ನಡ ಚೆನ್ನಾಗಿ ಒಗ್ಗುತ್ತದೆ.

ಉಚ್ಚಾರಣೆಯನ್ನೇ ನೋಡಿ. ಇಂಗ್ಲಿಷಿನವರಿಗೆ ಒತ್ತಕ್ಷರ ಅಂದರೆ ಕಷ್ಟ. ಇಟಾಲಿಯನ್ನಿನಲ್ಲಿ ನೋನೊ ಅಂದರೆ ಒಂಬತ್ತನೆಯದು, ನೊನ್ನೊ ಅಂದರೆ ಅಜ್ಜ. ಪಾಲ ಅಂದರೆ ಸಲಿಕೆ, ಪಲ್ಲ ಅಂದರೆ ಚೆಂಡು. ಹಳಿಗೂ ಹಳ್ಳಿಗೂ ವ್ಯತ್ಯಾಸ ಗೊತ್ತಿರುವ ನಮಗೆ ಇದು ಹೇಳಿಕೊಡಬೇಕಾ? (ಹೋಟೆಲಿನಲ್ಲಿ ಪೆನ್ನೆ ಪಾಸ್ತಾ ಕೇಳುವಾಗ ನಕಾರದ ಒತ್ತು ಬಿಟ್ಟರೆ ಏನಾಗುತ್ತದೆ ಅಂತ ಇಲ್ಲಿ ಬರೆಯಲ್ಲ. ನಮ್ಮತ್ತೆಯೂ ಫೇಸ್‌ಬುಕ್ಕಿನಲ್ಲಿದ್ದಾರೆ.) ಅವರ ತ, ದ ನಮ್ಮ ತ, ದದ ಹಾಗೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಮೂಲಕ ಹೋದವರು ಎಲ್ಲದಕ್ಕೂ ಟ, ಡ ಅನ್ನುತ್ತಾರೆ. ಹೆಚ್ಚಿನ ಪದಗಳು ನಮ್ಮವುಗಳ ಹಾಗೇ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿ, ಅರ್ಧ ಉಚ್ಚಾರಣೆ ಸರಿಯಾಗುತ್ತದೆ.

ವಾಕ್ಯವೂ ಅಷ್ಟೇ. "ನಾನು" ಅಂತ ಪ್ರತಿ ಸಲ ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲದಲ್ಲೇ ಯಾರು ಅಂತ ಗೊತ್ತಾಗುತ್ತದೆ. "ಮಿ ಪ್ಯಾಚೆ ಇಲ್ ಕಫ್ಫೆ" ಅನ್ನುವ ವಾಕ್ಯಕ್ಕೆ ಇಂಗ್ಲಿಷ್ ಪುಸ್ತಕಗಳು ಎರಡು ಪುಟ ವಿವರಣೆ ಕೊಡುತ್ತವೆ. ನಮಗೆ ಅದು "ನನಗೆ ಕಾಫಿ ಇಷ್ಟ". ಅದೇ "ನನಗೆ". ಮುಗಿಯಿತು. ನೀನು, ನೀವು ಅನ್ನುವ ವ್ಯತ್ಯಾಸ ಅವರಲ್ಲೂ ಇದೆ. ತು ಅಂದರೆ ನೀನು, ಲೇಯಿ ಅಂದರೆ ನೀವು. ಹಿರಿಯರನ್ನು ನೀನು ಅನ್ನಲು ನಮಗೆ ನಾಲಿಗೆ ಏಳದ ಕಾರಣ ಲೇಯಿ ತಾನಾಗೇ ಬರುತ್ತದೆ.

ಹಾಗಂತ ಎಲ್ಲ ಸಲೀಸು ಅಂತ ಹೇಳಿದರೆ ನಾನೂ ಆ ಜಾಹೀರಾತಿನವರ ಗುಂಪಿಗೇ ಸೇರುತ್ತೇನೆ. ಮೇಜು ಗಂಡು, ಕುರ್ಚಿ ಹೆಣ್ಣು. ಮೊಟ್ಟೆ ಒಂದಿದ್ದರೆ ಗಂಡು, ಎರಡಾದರೆ ಹೆಣ್ಣು! ಇದಕ್ಕೆ ಕನ್ನಡ ಏನೂ ಸಹಾಯ ಮಾಡುವುದಿಲ್ಲ. "ನಿನ್ನೆ ಬಂದ ಹುಡುಗ" ಅಂತ ನಾವು ಹೇಳುವುದನ್ನು ಅವರು ಹುಡುಗನಿಂದ ಶುರುಮಾಡಿ ಹಿಂದಿನಿಂದ ಹೇಳುತ್ತಾರೆ. ವಿಭಕ್ತಿ ನಮಗೆ ಪದದ ಕೊನೆಗೆ, ಅವರಿಗೆ ಮೊದಲಿಗೆ. "ಹೋದೆ" ಅನ್ನಲು ಹೆಂಗಸಾದರೆ ಸೋನೊ ಅಂದಾತ, ಗಂಡಸಾದರೆ ಸೋನೊ ಅಂದಾತೊ. ಅನುಮಾನ, ಆಸೆ, ಅಭಿಪ್ರಾಯ ಹೇಳುವಾಗ ಕ್ರಿಯಾಪದದ ರೂಪವೇ ಬದಲಾಗುತ್ತದೆ, ಕೊಂಜುಂತೀವೊ ಅಂತ. ಅದರ ಜೊತೆ ಈಗಲೂ ಗುದ್ದಾಡುತ್ತಿದ್ದೇನೆ.

ಒಂದು ಸಮಾಧಾನ ಇದೆ. ಇಟಲಿಯವರೂ ಇಟಾಲಿಯನ್ನನ್ನು ಕೂತು ಕಲಿತವರೇ. 1861ರಲ್ಲಿ ದೇಶ ಒಂದಾದಾಗ ಈ ಭಾಷೆ ಆಡಲು ಬರುತ್ತಿದ್ದವರು ನೂರಕ್ಕೆ ಎರಡೂವರೆ ಜನ ಅಂತ ಅದೇ ದೆ ಮೌರೊ ಲೆಕ್ಕ ಹಾಕಿದ್ದಾರೆ. ಅದಕ್ಕಿಂತ ಜಾಸ್ತಿ, ನೂರಕ್ಕೆ ಹತ್ತರ ಹತ್ತಿರ ಅನ್ನುವ ವಿದ್ವಾಂಸರೂ ಇದ್ದಾರೆ. ಉಳಿದವರದೆಲ್ಲ ಅವರವರ ಊರಿನ ಮಾತು. 1960ರಿಂದ 1968ರವರೆಗೆ ಆಲ್ಬೆರ್ತೊ ಮಾಂಜಿ ಅನ್ನುವ ಮೇಷ್ಟ್ರು ಟಿವಿಯಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಿದರು. ದೊಡ್ಡ ಹಾಳೆಯ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದು, ಅಕ್ಷರ ಬರೆದು ತೋರಿಸುತ್ತಿದ್ದರು. ಹೊಲದ ಕೆಲಸ ಮುಗಿಸಿ ಬಂದ ರೈತರು ಅದರ ಎದುರು ಕೂರುತ್ತಿದ್ದರು. ಅವರು ಕಲಿತರು ಅಂದಮೇಲೆ ನಮಗೇನು ಕಷ್ಟ?

ಮಾತಾಡಲು ಜನ ಬೇಕು, ಅದೂ ನಿಜ. ನನಗೆ ಸಿಕ್ಕಿದ್ದು ಇಟಲಿಯ ತೊರೀನೊ ನಗರದ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ. ಅವರಿಗೆ ಇಂಗ್ಲಿಷ್ ಬೇಕು, ನನಗೆ ಇಟಾಲಿಯನ್. ಅರ್ಧರ್ಧ ಗಂಟೆ, ದುಡ್ಡಿಲ್ಲದ ವ್ಯವಹಾರ, ಭಾನುವಾರ ಸಂಜೆ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ವಾರದಲ್ಲಿ ದಿನಾ ಬರೆದ ಮೂರು ಮೂರು ಸಾಲಿನ ಡೈರಿಯನ್ನು ಓದುತ್ತೇನೆ, ಅವರು ತಿದ್ದುತ್ತಾರೆ. ಕರುಣೆ ಇಲ್ಲ. ಮೇಡಂ ಅಂದರೆ ಹಾಗಿರಬೇಕು.

ಜೀವನವಿಡೀ ದಿನಕ್ಕೆ ನಾಲ್ಕು ಸಲ ಕಾಫಿ ಕುಡಿದ ಆ ಹೆಂಗಸಿಗೆ ಕಾಫಿ ಹಣ್ಣು ಕೆಂಪಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಮಾರ್ಚಿನ ಹೊತ್ತಿಗೆ ಒಂದು ಮಳೆ ಬರಬೇಕು, ಬಂದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ, ಆಮೇಲೆ ಇನ್ನೊಂದು ಮಳೆ ಬೇಕು, ಬಾರದಿದ್ದರೆ ಕಾಯಿ ಕಚ್ಚುವುದು ಕಷ್ಟ ಅಂತ ಹೇಳುತ್ತಾ ಹೋದೆ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೊಯ್ಲಿನ ಕೂಲಿ ಎಲ್ಲ ಬಂತು. ಅವರು ಪ್ರಶ್ನೆ ಕೇಳುತ್ತಲೇ ಇದ್ದರು. ಇಂಗ್ಲಿಷಿನ ಸರದಿ ಬಂದು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಫ್ಲೂಯೆಂಟ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ತಪ್ಪುಗಳು ಇದ್ದವು. ಆದರೆ ಇಬ್ಬರ ಗಮನವೂ ಮಳೆಯ ಮೇಲಿತ್ತು, ವ್ಯಾಕರಣದ ಮೇಲಿರಲಿಲ್ಲ.

ಸರ್ಟಿಫಿಕೇಟ್ ಬೇಕಾದವರಿಗೆ ಸಿಯೆನಾ ಮತ್ತು ಪೆರೂಜಾದ ವಿದೇಶಿಯರ ವಿಶ್ವವಿದ್ಯಾಲಯಗಳು ಪರೀಕ್ಷೆ ನಡೆಸುತ್ತವೆ. ಓದಲು, ಕೆಲಸಕ್ಕೆ ಹೋಗುವವರು ಬರೆಯಲಿ. ನನಗೆ ಬೇಕಾಗಲಿಲ್ಲ.

ಅಣ್ಣನ ಮಗಳು ಸದ್ಯಕ್ಕೆ ದುಡ್ಡು ಕಟ್ಟಿಲ್ಲ. ಭಾನುವಾರ ಬೆಳಿಗ್ಗೆ ಮನೆಗೆ ಬರುತ್ತಾಳೆ. ಚಿಕ್ಕಮಗಳೂರಿನಲ್ಲಿ ಇನ್ನೂ ಯಾರಿಗಾದರೂ ಆಸಕ್ತಿ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾಲ್ಕೈದು ಜನ ಕೂರುವಷ್ಟು ಜಗಲಿ ಇದೆ. ಫೀಸು ಇಲ್ಲ. ಗೆರೆ ಹಾಕಿದ ನೋಟ್‌ಬುಕ್ಕು, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು ತನ್ನಿ. ಕಾಫಿ ನಮ್ಮ ಮನೆಯದು.