ತೂತು ಮುಚ್ಚಿದ ಕಥೆ

ಮಳೆ ಬಂದರೆ ಉಬ್ಬಿಕೊಂಡು ತೆರೆಯಲೊಲ್ಲದ, ಬಿಸಿಲು ಬಂದರೆ ಕುಗ್ಗಿ ಮುಚ್ಚಲೊಲ್ಲದ ಹಳೆಯ ಮರದ ಕಿಟಕಿಗಳನ್ನು ತೆಗೆಸಿ ಯುಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕಿಟಕಿಗಳನ್ನು ಹಾಕಿಸುವುದೆಂದು ನಾವಿಬ್ಬರೂ ಕೂಡಿ ತೀರ್ಮಾನಿಸಿದೆವು. ಇದ್ದುದರಲ್ಲಿ ಅತ್ಯಂತ ಅಗ್ಗದ್ದನ್ನು ಹಾಕಿಸುವುದೆಂಬುದು ಮಾತ್ರ ನನ್ನೊಬ್ಬನ ತೀರ್ಮಾನ.

ಮೂರು ಕಡೆಗಳಿಂದ ದರಪಟ್ಟಿ ತರಿಸಿ, ಚದರಡಿಗೆ ಎಲ್ಲರಿಗಿಂತ ಕಡಿಮೆ ಬರೆದವರ ಹಾಳೆಯನ್ನು ಗೆದ್ದ ಪದಕದಂತೆ ಪತ್ನಿಯ ಮುಂದೆ ಹಿಡಿದೆ. ಅವಳು ಹಾಳೆಯನ್ನು ತಿರುವಿ ಹಿಂಬದಿಯನ್ನು ಓದಿದಳು. ಗಾಜಿಗೆ ಬೇರೆ, ಸೊಳ್ಳೆ ಜಾಲರಿಗೆ ಬೇರೆ, ಹಿಡಿಕೆಗೆ ಬೇರೆ, ಚೌಕಟ್ಟಿನೊಳಗೆ ಸೇರಿಸುವ ಉಕ್ಕಿನ ಪಟ್ಟಿಗೂ ಬೇರೆ.

"ಹಾಗಾದರೆ ಈ ದರಕ್ಕೆ ಅವರು ಕೊಡುವುದೇನನ್ನು?" ಎಂದಳು.

ಯುಪಿವಿಸಿ ಎಂದರೆ ಮೆದುಗೊಳಿಸುವ ರಾಸಾಯನಿಕವನ್ನು ಬೆರೆಸದ ಪಿವಿಸಿ, ಅದು ತಾನಾಗಿಯೇ ಗಟ್ಟಿ, ಉಕ್ಕು ಕೇವಲ ಆಡಂಬರ ಎಂದು ನಾನು ಸಣ್ಣದೊಂದು ಉಪನ್ಯಾಸ ಕೊಟ್ಟೆ. ಟೊಳ್ಳಾದ ಚೌಕಟ್ಟು ಉದ್ದವಾದಷ್ಟೂ ಗಾಳಿಯ ಒತ್ತಡಕ್ಕೆ ಬಾಗುತ್ತದೆ, ಅದಕ್ಕಾಗಿಯೇ ಒಳಗೆ ಉಕ್ಕು ಬೇಕು ಎಂಬುದನ್ನು ಅವಳು ಆಗಲೇ ವಿಚಾರಿಸಿಕೊಂಡಿದ್ದಳು. ಕೊನೆಗೆ ನಡುವಿನ ದರದವರೇ ಗೆದ್ದರು.

ಸೋತ ಹಣವನ್ನು ಅಳತೆಯಲ್ಲಿ ಉಳಿಸಲು ಹೊರಟೆ. ಅಳತೆಯನ್ನು ನಾವೇ ಕೊಟ್ಟರೆ ಸ್ವಲ್ಪ ರಿಯಾಯಿತಿಯೆಂದು ಅವರು ಹೇಳಿದ್ದರು. ಬಟ್ಟೆ ಹೊಲಿಯುವ ಟೇಪು ಹಿಡಿದು ಒಂದೊಂದು ಕಿಟಕಿಯ ನಡುಭಾಗವನ್ನು ಒಮ್ಮೆ ಅಳೆದು, ಮಿಲಿಮೀಟರು ತಪ್ಪದಂತೆ ಬರೆದುಕೊಟ್ಟೆ. ಗೋಡೆಯೆಂಬುದು ಮೇಲೆ ಒಂದು ಅಗಲ, ನಡುವೆ ಒಂದು ಅಗಲ, ಕೆಳಗೆ ಇನ್ನೊಂದು ಅಗಲ ಇರುತ್ತದೆಂದೂ, ಮೂರನ್ನೂ ಅಳೆದು ಚಿಕ್ಕದನ್ನೇ ಹಿಡಿದು, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುವುದರಿಂದ ಸುತ್ತಲೂ ಕೆಲವು ಮಿಲಿಮೀಟರು ಜಾಗ ಬಿಡಬೇಕೆಂದೂ ನನಗೆ ತಿಳಿದದ್ದು ಚೌಕಟ್ಟುಗಳು ಮನೆಗೆ ಬಂದ ದಿನ. ಮಲಗುವ ಕೋಣೆಯ ಕಿಟಕಿ ತಲೆಯನ್ನು ಒಳಗೆ ತೂರಿಸಿ ಸೊಂಟದ ಬಳಿ ಸಿಕ್ಕಿಹಾಕಿಕೊಂಡಿತು. ಮರವಾಗಿದ್ದರೆ ನಾಲ್ಕು ಸಲ ಕೀಸಿ ಕೂರಿಸಬಹುದಿತ್ತು; ಇದರ ಮೂಲೆಗಳನ್ನೋ ಕಾಯಿಸಿ ಒಂದಕ್ಕೊಂದು ಬೆಸೆದಿರುತ್ತಾರೆ. ಕೀಸಿಸಿಕೊಳ್ಳುವ ಸರದಿ ಗೋಡೆಯದಾಯಿತು. ರಿಯಾಯಿತಿಯ ಹಣ ಗಾರೆ ಕೆಲಸದವರ ಕೈಸೇರಿತು. ಸ್ವಲ್ಪ ಸಾಲದೆಯೂ ಬಂತು.

ಬೇಸಿಗೆ ಸುಖವಾಗಿ ಕಳೆಯಿತು. ಒಂದು ಬೆಳಿಗ್ಗೆ ಧೂಳು ಒರೆಸುತ್ತಿದ್ದಾಗ, ಚೌಕಟ್ಟಿನ ಕೆಳಭಾಗದಲ್ಲಿ ಹೊರಮುಖವಾಗಿ ಉದ್ದನೆಯ ಸಣ್ಣ ತೂತುಗಳಿರುವುದು ಕಣ್ಣಿಗೆ ಬಿತ್ತು. ಒಂದಲ್ಲ, ಎಲ್ಲ ಕಿಟಕಿಗಳಲ್ಲೂ. ರಿಯಾಯಿತಿಯ ಗುಟ್ಟು ಇದೇ, ತೂತಿರುವ ಮಾಲನ್ನು ನಮಗೆ ದಾಟಿಸಿದ್ದಾರೆ ಎಂದುಕೊಂಡೆ. ಇರುವೆಗಳು ಅದರಲ್ಲಿ ಸಾಲಾಗಿ ಓಡಾಡುತ್ತಿದ್ದುದು ಅನುಮಾನಕ್ಕೆ ಸಾಕ್ಷಿಯಾಯಿತು. ಜಗಳವಾಡುವ ಬದಲು ದೊಡ್ಡತನ ತೋರಿ ಸಿಲಿಕೋನ್ ಅಂಟಿನ ಟ್ಯೂಬು ತಂದು, ಅರ್ಧ ದಿನ ಕುಳಿತು, ಅಷ್ಟನ್ನೂ ಅಂದವಾಗಿ ಮುಚ್ಚಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಇನ್ನೊಂದು ಮಾಡಿಲ್ಲ.

ಮೊದಲ ಜೋರು ಮಳೆಗೆ ಕಿಟಕಿಯ ಬಾಗಿಲುಗಳು ಜಾರುವ ಟ್ರ್ಯಾಕುಗಳು ತುಂಬಿ, ತುಳುಕಿ, ಗೋಡೆಯಗುಂಟ ಇಳಿದು ಮಂಚದ ಕೆಳಗೆ ಕೆರೆಯಾದವು. ನಾನು ಕಿಟಕಿಯವರಿಗೆ ಫೋನು ಮಾಡಿ ಗುಣಮಟ್ಟ, ಪ್ರಾಮಾಣಿಕತೆ ಮುಂತಾದ ವಿಷಯಗಳ ಮೇಲೆ ಎತ್ತರದ ದನಿಯಲ್ಲಿ ಮಾತನಾಡಿದೆ. ಮರುದಿನ ಬಂದ ಹುಡುಗ ಏನೂ ಮಾತನಾಡದೆ ಸ್ಕ್ರೂಡ್ರೈವರಿನ ತುದಿಯಿಂದ ಒಂದು ತೂತಿನ ಸಿಲಿಕೋನನ್ನು ಚುಚ್ಚಿದ. ಟ್ರ್ಯಾಕಿನಲ್ಲಿ ನಿಂತಿದ್ದ ನೀರು ನಲ್ಲಿಯಿಂದ ಬಂದಂತೆ ಹೊರಗೆ ಸುರಿಯಿತು.

"ಸಾರ್, ಮಳೆ ನೀರು ಟ್ರ್ಯಾಕಿಗೆ ಬಂದೇ ಬರುತ್ತದೆ. ಅದು ಹೊರಗೆ ಹೋಗುವ ದಾರಿ ಇದು. ಯಾರು ಮುಚ್ಚಿದ್ದು?"

ಪತ್ನಿ ನನ್ನ ಕಡೆ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ಹೊರಡುವ ಮುನ್ನ ಅವನು ಚೌಕಟ್ಟಿನ ಮೇಲೆ ಬೆರಳಾಡಿಸಿ, ಕಾರ್ಖಾನೆಯಲ್ಲಿ ಅಂಟಿಸಿದ ತೆಳುಹಾಳೆಯನ್ನು ಇನ್ನೂ ಏಕೆ ತೆಗೆದಿಲ್ಲ ಎಂದು ಕೇಳಿದ. ಕಿಟಕಿ ಹೊಸದಾಗಿಯೇ ಇರಲೆಂದು ನಾನೇ ಬಿಟ್ಟಿದ್ದೇನೆ ಎಂದೆ. ಕೂಡಲೇ ಕೀಳಬೇಕಿತ್ತು, ಬೇಸಿಗೆಯ ಬಿಸಿಲಿಗೆ ಅಂಟು ಕಾದು ಕಚ್ಚಿಕೊಂಡುಬಿಟ್ಟಿದೆ ಎಂದು ಹೇಳಿ ಅವನು ಮೆಟ್ಟಿಲಿಳಿದು ಹೋದ.

ಈಗ ರಜೆಯ ದಿನಗಳಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನು ಉಗುರಿನಲ್ಲಿ ಕೆರೆಯುತ್ತೇನೆ. ಎರಡು ಕಿಟಕಿಗಳು ಮುಗಿದಿವೆ. ಪಶ್ಚಿಮದ ಬಿಸಿಲಿಗೆ ಬೆಂದಿರುವ ದೊಡ್ಡ ಕಿಟಕಿಗೆ ಉಗುರು ಇನ್ನೂ ಬೆಳೆಯಬೇಕಾಗಿದೆ.